ಗುಣವತಿಯನ್ನು ಕರೆದ ಕಂಪ್ಯೂಟರ್

ನನ್ನ ತಂಗಿ ಗುಣವತಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಮಂಗಳವಾರ, ಮಧ್ಯಾಹ್ನದ ನಿದ್ದೆಯಿಂದ ಎದ್ದು ಮುಖ ತೊಳೆಯುತ್ತಿದ್ದಾಗ. ಬನ್ನಂಜೆಯ ನಮ್ಮ ಮನೆಗೆ ಕಾಪುವಿನಿಂದ ಭಾವ ಮುದ್ದಣ್ಣನ ಫೋನ್ ಬಂತು.

"ಭಾವ, ನೀವು ಸ್ವಲ್ಪ ಬರಬೇಕಿತ್ತು."

"ಎಂತ ಆಯಿತು?"

"ಗುಣವತಿ ಕುರ್ಚಿಯಿಂದ ಏಳುವುದಿಲ್ಲ. ಚಾ ಮಾಡಿ ತಂದಿಟ್ಟೆ, ತಣ್ಣಗಾಯಿತು. ಇನ್ನೊಂದು ಮಾಡಿ ತಂದೆ, ಅದೂ ತಣ್ಣಗಾಯಿತು. ಈಗ ಡಾಕ್ಟರು ಬಂದಿದ್ದಾರೆ. ಮತ್ತೊಂದು ಚಾ ಮಾಡುವುದು ಬೇಡ ಎಂದರು."

ಸಾವಿನ ಸುದ್ದಿಯನ್ನು ಚಾದ ಮೂಲಕ ಹೇಳಿದವನು ಈ ಜಿಲ್ಲೆಯಲ್ಲಿ ನನ್ನ ಭಾವನೊಬ್ಬನೇ ಇರಬೇಕು. ನಾನು ಅಂಗಿ ಹಾಕಿಕೊಂಡದ್ದು ನೆನಪಿದೆ, ಕಾಪುವಿಗೆ ಹೇಗೆ ತಲುಪಿದೆ ಎಂಬುದು ನೆನಪಿಲ್ಲ. ಅವಳು ಕಂಪ್ಯೂಟರಿನ ಮುಂದೆ ಕುಳಿತಲ್ಲಿಯೇ, ತಲೆಯನ್ನು ತುಸು ವಾಲಿಸಿ, ಏನನ್ನೋ ಯೋಚಿಸುವವಳ ಹಾಗೆ ಇದ್ದಳು. ಕೈ ಇನ್ನೂ ಮೌಸಿನ ಮೇಲಿತ್ತು. ನರಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ಅಂಥ ಸಾವನ್ನು ಬೇಡಿ ನಾನು ನಿತ್ಯವೂ ದೇವರ ಮುಂದೆ ದೀಪ ಹಚ್ಚುತ್ತೇನೆ. ದೇವರು ಅದನ್ನು ನನಗಿಂತ ಮೊದಲು ನನ್ನ ತಂಗಿಗೆ ಕೊಟ್ಟ. ಅವನ ಕ್ರಮ ಅವನಿಗೆ.

ಇನ್ನು ಮುದ್ದಣ್ಣನ ವಿಷಯ. ಅವನು ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತನಾದವನು. ಹೊರಡುವ ಹೊತ್ತು ಮೀರಿಯೂ ನಿಂತ ಬಸ್ಸನ್ನು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಎಂಥ ಮೊಂಡ ಚಾಲಕನೂ ಅವನ ಸೀಟಿಗೆ ಹೆದರಿ ಗೇರು ಹಾಕುತ್ತಿದ್ದ. ಮನೆಯಲ್ಲಿ ಮಾತ್ರ ಅವನ ಸೀಟಿ ಕೇಳಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿ ಗುಣವತಿ ಇದ್ದಳು. ಅವಳು ಊರಿನ ಭಜನಾ ಮಂಡಳಿಯ ಮಹಿಳಾ ವಿಭಾಗದ ಅಧ್ಯಕ್ಷೆ. ಭಜನಾ ಮಂದಿರದ ಜಗಲಿಯಲ್ಲಿ ಗಂಡಸರು ಇಸ್ಪೀಟು ಆಡುತ್ತಾರೆಂದು ಕೊಡಪಾನದಲ್ಲಿ ನೀರು ತಂದು, ಜಗಲಿ ತೊಳೆಯುವ ನೆಪದಲ್ಲಿ ಆಟಗಾರರನ್ನೂ ಎಲೆಗಳನ್ನೂ ಒಟ್ಟಿಗೆ ತೊಳೆದವಳು. ಹಾಗೆ ಒದ್ದೆಯಾದವರಲ್ಲಿ ಪಕ್ಕದ ಮನೆಯ ಧನರಾಜನೂ ಒಬ್ಬ. ಅವನು ದೋಣಿಯ ಮಾಲೀಕ. ಅವನ ತಾಯಿ ನಳಿನಾಕ್ಷಿ ಮಾರ್ಕೆಟಿನಲ್ಲಿ ಮೀನು ಮಾರುವವಳು. ಅವಳ ಬಾಯಿಗೆ ಬಿದ್ದ ಸುದ್ದಿ ಮೀನಿಗಿಂತ ಮೊದಲು ಖರ್ಚಾಗುತ್ತದೆ.

ದಹನ ಮುಗಿಯಿತು. ಮನೆಯಲ್ಲಿ ಚಾಪೆ ಹಾಸಿ ಕುಳಿತೆವು. ಕಾರ್ಕಳದಿಂದ ಮುದ್ದಣ್ಣನ ಅಕ್ಕ ಚಂಪಾ ಬಂದರು. ಚಂಪಕ್ಕ ಅಪರಕ್ರಿಯೆಗಳಲ್ಲಿ ಅಧಿಕಾರವುಳ್ಳವರು. ಯಾರ ಬೊಜ್ಜದಲ್ಲಿ, ಅಂದರೆ ಉತ್ತರಕ್ರಿಯೆಯ ಊಟದಲ್ಲಿ, ಉಪ್ಪಿನಕಾಯಿ ಎಲೆಯ ತಪ್ಪು ಬದಿಗೆ ಬಿತ್ತು, ಅದರಿಂದ ಆ ಮನೆಗೆ ಎಂತೆಂಥ ಕಷ್ಟ ಬಂತು ಎಂಬುದನ್ನು ಅವರು ಹಿರಿಯಡ್ಕದಿಂದ ಕಾಪುವಿನವರೆಗೆ ಬಸ್ಸಿನಲ್ಲಿ ಹೇಳುತ್ತಲೇ ಬಂದಿದ್ದರಂತೆ.

ಮೂರು ನಾಲ್ಕು ದಿನ ಕಳೆದಿರಬೇಕು. ಗುಣವತಿಯ ಮಗಳು ವಿಜೇತಾ, "ಬೊಜ್ಜಕ್ಕೆ ಅಮ್ಮನ ದೊಡ್ಡ ಫೋಟೊ ಬೇಕಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಉಂಟು" ಎಂದು ಸ್ವಿಚ್ ಹಾಕಿದಳು. ನಾವೆಲ್ಲ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದೆವು. ಆಗ ಮೂಲೆಯಿಂದ ಒಂದು ಹೆಂಗಸಿನ ಸ್ವರ, ಪಾಠ ಒಪ್ಪಿಸುವಂಥ ಕನ್ನಡದಲ್ಲಿ, ಸ್ಪಷ್ಟವಾಗಿ ಹೇಳಿತು:

"ಪ್ರಿಯ ಗುಣವತಿ. ನಾವು ನಿಮ್ಮನ್ನು ಕಳೆದುಕೊಂಡಿದ್ದೇವೆ. ಎಲ್ಲರೂ ನಿಮಗಾಗಿ ಕಾಯುತ್ತಿದ್ದಾರೆ. ದಯವಿಟ್ಟು ಹಿಂತಿರುಗಿ ಬನ್ನಿ."

ನಳಿನಾಕ್ಷಿಯ ಕೈಯಲ್ಲಿದ್ದ ಚಾದ ಲೋಟ ಕೆಳಗೆ ಬಿತ್ತು. ಮುದ್ದಣ್ಣ ಎದ್ದು ಓಡಿ ವಯರಿಗೆ ಕೈ ಹಾಕಿದ.

"ಮುಟ್ಟಬೇಡ ಮುದ್ದ!" ಚಂಪಕ್ಕ ಗರ್ಜಿಸಿದರು. "ಯಾರು ಕರೆಯುವುದೆಂದು ಗೊತ್ತಾಗದೆ ಬಾಯಿ ಮುಚ್ಚಿಸುವುದಾ?"

"ಅಕ್ಕ, ಅದು ಕಂಪ್ಯೂಟರಿನ ವೈರಸ್ಸು."

"ವೈರಸ್ಸಿಗೆ ಗುಣವತಿಯ ಹೆಸರು ಹೇಗೆ ಗೊತ್ತು? ಜ್ವರ ಬಂದಾಗ ನಿನ್ನ ಹೆಸರು ಹಿಡಿದು ಕರೆಯುತ್ತದಾ?"

ಮುದ್ದಣ್ಣ ವಯರು ಬಿಟ್ಟು ಚಾಪೆಗೆ ಬಂದು ಕುಳಿತ. ಅವನಿಗೆ ಉತ್ತರ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಕಡೆಯ ಕ್ರಮ ತಿಳಿಯದವರಿಗೆ ಇಲ್ಲೊಂದು ಮಾತು ಹೇಳಬೇಕು. ಬೊಜ್ಜದ ದಿನ ಮುಸ್ಸಂಜೆಗೆ ತೀರಿಕೊಂಡವರನ್ನು ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತೇವೆ. ಅವರು ಬಂದು ಒಳಗಿನ ಹಿರಿಯರ ಸಾಲಿನಲ್ಲಿ ಸೇರುತ್ತಾರೆ. ಅವರಿಗೆಂದು ಎಲೆ ಹಾಕಿ ಬಡಿಸುತ್ತೇವೆ. ಅಲ್ಲಿಯವರೆಗೆ ಜೀವ ಹೊರಗೆ ಎಲ್ಲೋ ದಾರಿ ಕಾಯುತ್ತಿರುತ್ತದೆ. ಚಂಪಕ್ಕನ ತರ್ಕ ಇದರ ಮೇಲೆ ನಿಂತಿತ್ತು.

"ಕರೆಯಬೇಕಾದವರು ನಾವು. ನಮಗಿಂತ ಮೊದಲು ಇನ್ನೊಬ್ಬರು ಕರೆಯುತ್ತಿದ್ದಾರೆ. ಎಲ್ಲರೂ ಕಾಯುತ್ತಿದ್ದಾರಂತೆ! ಯಾರು ಆ ಎಲ್ಲರೂ? ಬೊಜ್ಜದ ದಿನ ಇತ್ತ ನಾವು ಕರೆಯುವಾಗ ಅತ್ತ ಅದೂ ಕರೆದರೆ, ಅವಳು ಯಾವ ಕಡೆ ಹೋಗುತ್ತಾಳೆ ಹೇಳು ನೋಡುವ?"

ಸಂಜೆ ಮುದ್ದಣ್ಣ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋದ. ಸುತ್ತ ನೋಡಿದ. ಬಾವಿಯೊಳಗೂ ಒಮ್ಮೆ ಇಣುಕಿದ.

"ಭಾವ, ಯಾರಿಗೂ ಹೇಳಬಾರದು. ಅವಳು ಆಡುತ್ತಿದ್ದಳು."

"ಎಂತ ಆಡುತ್ತಿದ್ದಳು?"

"ಇಸ್ಪೀಟು."

ನಾನು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ಒಬ್ಬಳೇ ಆಡುವಂಥದ್ದು ಭಾವ, ಎಲೆ ಜೋಡಿಸುವುದು. ದುಡ್ಡು ಕಟ್ಟಿ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿ ಆಡುತ್ತಿದ್ದಳು. ಹೊರಗಿನವರಿಗೆ ಭಜನೆ ಕೇಳುವುದೆಂದು ಹೇಳುವುದು. ಪುಕ್ಕಟೆ ಸಿಗುತ್ತದೆಂದು ಎಲ್ಲಿಂದಲೋ ಇಳಿಸಿಕೊಂಡಳು. ಹೆಸರು ಕೇಳಿತಂತೆ, ಪಾಪ, ಕೊಟ್ಟಳು. ಅಂದಿನಿಂದ ಅದು ಒಂದು ದಿನ ಆಡದಿದ್ದರೆ ಹೀಗೆ ಕರೆಯುತ್ತದೆ. ಅದರ ಹಿಂದೆ ಇನ್ನೂ ಏನೇನೋ ಒಳಗೆ ಹೊಕ್ಕಿದೆ. ತಾನು ಸತ್ತರೂ ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು."

"ಹಾಗಾದರೆ ಸುಲಭವಾಯಿತಲ್ಲ. ವಯರು ಎಳೆದು ಅಟ್ಟಕ್ಕೆ ಹಾಕು."

ಮುದ್ದಣ್ಣ ಬಾವಿಯ ಹಗ್ಗವನ್ನು ಸುತ್ತಿ ಬದಿಗಿಟ್ಟ. ಆಮೇಲೆ ಹೇಳಿದ, "ಭಾವ, ಅಕ್ಕ ಹೇಳಿದ್ದರಲ್ಲಿ ಒಂದು ಮಾತು ಉಂಟು. ನಾನು ಕರೆದರೆ ಅವಳು 'ಬಂದೆ, ಬಂದೆ' ಎಂದು ಅಲ್ಲೇ ಕೂತಿರುತ್ತಿದ್ದಳು. ಅದು ಕರೆದರೆ ಮಾತ್ರ ಒಲೆಯ ಮೇಲೆ ಅನ್ನ ಬಿಟ್ಟು ಓಡುತ್ತಿದ್ದಳು. ಬೊಜ್ಜದ ದಿನ ಅದೂ ನಾವೂ ಒಟ್ಟಿಗೆ ಕರೆದರೆ ಅವಳು ನಮ್ಮ ಕಡೆ ಬರುತ್ತಾಳೆಂದು ನನಗೆ ಧೈರ್ಯ ಇಲ್ಲ. ವಯರು ಎಳೆದರೆ ಅದು ಒಳಗೇ ಕರೆಯುತ್ತಿರುತ್ತದೋ ಏನೋ, ಯಾರಿಗೆ ಗೊತ್ತು? ಬೇರು ಸಮೇತ ತೆಗೆಯಬೇಕು. ನಾನೇ ತೆಗೆಯುತ್ತೇನೆ."

ಹೊರಡಲೊಲ್ಲದ ಬಸ್ಸನ್ನು ನೋಡುವಾಗಿನ ಮುಖ ಅದು.

ಮರುದಿನ ಅವನು ಕೆಲಸಕ್ಕೆ ಕುಳಿತ. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ 'ಈಗಲೇ ಶುದ್ಧಗೊಳಿಸಿ' ಎಂಬ ಫಲಕ ಬಂತು. ಇಷ್ಟು ವಿನಯದಿಂದ ಕೇಳುವಾಗ ಇಲ್ಲವೆನ್ನುವುದು ಹೇಗೆ ಎಂದು ಮುದ್ದಣ್ಣ ಅದನ್ನು ಒತ್ತಿದ. ಕಂಪ್ಯೂಟರ್ ಒಮ್ಮೆ ಕಪ್ಪಾಗಿ ಬೆಳಗಿತು. ಅದೇ ಹೆಂಗಸು ಈ ಸಲ ಡೋಲಿನ ಶಬ್ದದೊಂದಿಗೆ ಬಂದಳು.

"ಎಚ್ಚರಿಕೆ. ನಿಮ್ಮ ಸಾಧನದಲ್ಲಿ ದುಷ್ಟ ವಸ್ತುಗಳು ಕಂಡುಬಂದಿವೆ. ತಕ್ಷಣ ಶುದ್ಧೀಕರಿಸಿ."

"ಕೇಳಿದಿರಲ್ಲ?" ಚಂಪಕ್ಕ ಎಲ್ಲರತ್ತ ತಿರುಗಿದರು. "ನಾನು ಹೇಳಿದರೆ ಹಳೆಯ ಕಾಲದವಳು ಎನ್ನುತ್ತೀರಿ. ಈಗ ಅದೇ ಹೇಳುತ್ತದೆ."

ಅವರು ಕಂಪ್ಯೂಟರಿನ ಸುತ್ತ ಗೋಮೂತ್ರ ಚಿಮುಕಿಸಿದರು. ಕೀಬೋರ್ಡಿನ ಮೇಲೂ ನಾಲ್ಕು ಹನಿ ಬಿತ್ತು. ಅಂದಿನಿಂದ ಅದರ ಕೆಲವು ಕೀಲಿಗಳು ಒತ್ತದೆಯೇ ಕೆಲಸ ಮಾಡಲು ತೊಡಗಿದವು. ಇದನ್ನೂ ಚಂಪಕ್ಕ ಲಕ್ಷಣವೆಂದೇ ಗಣಿಸಿದರು.

ಅಷ್ಟು ಹೊತ್ತಿಗೆ ಧನರಾಜ್ ದೋಣಿಗೆ ಹೋಗುವ ಮೊದಲು ತಾಯಿಯನ್ನು ಕರೆಯಲು ಬಾಗಿಲ ಬಳಿ ಬಂದು ನಿಂತ. ಅವನ ಗ್ರಹಚಾರವೋ ಪುಣ್ಯವೋ, ಆಗಲೇ ಕಂಪ್ಯೂಟರ್ ಅಂದಿತು: "ಅಭಿನಂದನೆಗಳು! ಇಂದು ನಿಮ್ಮ ಅದೃಷ್ಟದ ದಿನ."

ಆ ದಿನ ಅವನ ಬಲೆಗೆ ಬಂಗುಡೆ ಬಿದ್ದದ್ದು ಹೇಗೆಂದರೆ, ದೋಣಿಯಲ್ಲಿ ಜನರಿಗೆ ಕಾಲಿಡಲು ಜಾಗವಿರಲಿಲ್ಲವಂತೆ. ಮುಂದಿನದ್ದನ್ನು ನಳಿನಾಕ್ಷಿ ನೋಡಿಕೊಂಡಳು. ಮಾರ್ಕೆಟ್ ಮುಚ್ಚುವುದರೊಳಗೆ ಉಚ್ಚಿಲದವರೆಗೆ ಸುದ್ದಿ ಮುಟ್ಟಿತು. ಸಾಂತ್ವನ ಹೇಳಲು ಬರುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಬಂದವರು ಮುದ್ದಣ್ಣನಿಗೆ ಒಂದು ಮಾತು ಹೇಳಿ, ಕಂಪ್ಯೂಟರಿನ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಒಬ್ಬರು ಎಳನೀರು ತಂದರು. ಇನ್ನೊಬ್ಬರು ಮಾನಿಟರಿಗೆ ಮಲ್ಲಿಗೆ ಸುತ್ತಿದರು. ಮಗಳಿಗೆ ಗಂಡು ಗೊತ್ತಾಗದ ತಾಯಿಯೊಬ್ಬಳು ಗಟ್ಟಿಯಾಗಿ ಪ್ರಶ್ನೆ ಕೇಳಿದಳು. ಕಂಪ್ಯೂಟರ್ "ನಿಮ್ಮ ಸಮೀಪದಲ್ಲೇ ಕೊಡುಗೆಗಳು ಲಭ್ಯ" ಎಂದಿತು. ಅವಳು ಕಣ್ಣೀರು ಒರೆಸಿಕೊಂಡು ಹೋದಳು.

"ಭಾವ, ಇದು ಕೈಮೀರಿತು," ಎಂದ ಮುದ್ದಣ್ಣ. ಪರದೆಯ ಮೇಲೆ ಸಹಾಯಕ್ಕೆಂದು ಬಂದ ಒಂದು ನಂಬರಿಗೆ ಫೋನ್ ಹಚ್ಚಿದ. ಎಲ್ಲರಿಗೂ ಕೇಳಲೆಂದೋ, ಗುಂಡಿ ತಪ್ಪಿಯೋ, ಸ್ಪೀಕರ್ ಹಾಕಿದ.

"ನಮಸ್ಕಾರ ಸಾರ್, ಕಂಪ್ಯೂಟರ್ ರಕ್ಷಣಾ ವಿಭಾಗದಿಂದ ಮಾತಾಡುತ್ತಿದ್ದೇವೆ. ನಿಮ್ಮ ಕಂಪ್ಯೂಟರ್ ಬಹಳ ಅಪಾಯದಲ್ಲಿದೆ."

"ಗೊತ್ತುಂಟು. ಊರಿಡೀ ಗೊತ್ತುಂಟು."

"ಕಂಪ್ಯೂಟರ್ ಯಾರ ಹೆಸರಲ್ಲಿದೆ ಸಾರ್?"

"ಗುಣವತಿ. ನನ್ನ ಹೆಂಡತಿ."

"ಅವರ ಫೋನಿಗೆ ಒಂದು ನಂಬರ್ ಬರುತ್ತದೆ. ಅದನ್ನು ಅವರೇ ಹೇಳಬೇಕು. ಅವರನ್ನು ಸ್ವಲ್ಪ ಕರೆಯಿರಿ."

"ಈಗ ಕರೆಯಲಿಕ್ಕಾಗುವುದಿಲ್ಲ. ಬೊಜ್ಜದ ದಿನ ಸಂಜೆ ಕರೆಯುವುದು."

"ಅಷ್ಟು ದಿನ ಕಾಯಲಿಕ್ಕಾಗುವುದಿಲ್ಲ ಸಾರ್, ಅರ್ಜೆಂಟ್. ಅವರು ಎಲ್ಲಿದ್ದಾರೆ?"

"ಅದೇ ಗೊತ್ತಿಲ್ಲದ್ದು. ಹೊರಗೆ ಇಲ್ಲೇ ಎಲ್ಲೋ ಇದ್ದಾರೆ ಎನ್ನುತ್ತಾರೆ ಅಕ್ಕ. ತೀರಿಕೊಂಡು ಒಂದು ವಾರವಾಯಿತು."

ಆಗ ಕಂಪ್ಯೂಟರ್ ತನ್ನಷ್ಟಕ್ಕೆ, "ಪ್ರಿಯ ಗುಣವತಿ, ದಯವಿಟ್ಟು ಹಿಂತಿರುಗಿ ಬನ್ನಿ" ಎಂದಿತು.

"ಯಾರದು ಸಾರ್ ಹಿಂದೆ ಮಾತಾಡುವುದು?"

"ಅವರನ್ನೇ ತೆಗೆಯಬೇಕಾದದ್ದು. ನೀವು ಬರುವಾಗ ಹಣ್ಣುಕಾಯಿ ಎಂತಾದರೂ ತರಬೇಕಾ, ನಾವೇ ಇಡುವುದಾ?"

ಫೋನ್ ಕಡಿಯಿತು. ಮುದ್ದಣ್ಣ ಮತ್ತೆ ಮತ್ತೆ ಮಾಡಿ ನೋಡಿದ, ಅವರು ತೆಗೆಯಲಿಲ್ಲ. ಜನರಿಗೆ ಮೋಸ ಮಾಡುವವರನ್ನು ಹೆದರಿಸಿ ಓಡಿಸಿದವನೆಂಬ ಕೀರ್ತಿ ಅವನಿಗೆ ಸಲ್ಲಬೇಕಿತ್ತು. ಅವನು ಮಾತ್ರ, "ಸರಕಾರದ ವಿಭಾಗಗಳೆಲ್ಲ ಹೀಗೆಯೇ" ಎಂದು ಬೇಸರಪಟ್ಟ.

ವಿಜೇತಾ ನನ್ನ ಬಳಿ ಬಂದಳು. "ಮಾವ, ಅಪ್ಪನಿಗೆ ಹೇಳಿ. ಮಣಿಪಾಲದಲ್ಲಿ ಜೋಯಲ್ ಎಂಬವರ ರಿಪೇರಿ ಅಂಗಡಿ ಉಂಟು. ಅಲ್ಲಿಗೆ ಸಿಪಿಯು ಒಯ್ದರೆ ಆಯಿತು, ಫೋಟೊ ಕೂಡ ಅವರೇ ತೆಗೆದುಕೊಡುತ್ತಾರೆ." ಚಂಪಕ್ಕನಿಗೆ ಶುದ್ಧೀಕರಣಕ್ಕೆ ಒಯ್ಯುವುದೆಂದು ಹೇಳಿದೆವು. ಅದು ಸುಳ್ಳೂ ಆಗಿರಲಿಲ್ಲ.

ಧೂಳು ತಾಗದಿರಲೆಂದು ವಿಜೇತಾ ಆ ಪೆಟ್ಟಿಗೆಯನ್ನು ತಾಯಿಯ ಒಂದು ನೂಲಿನ ಸೀರೆಯಲ್ಲಿ ಸುತ್ತಿ ಕೊಟ್ಟಳು. ಮುದ್ದಣ್ಣ ಅದನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದ. ನಮ್ಮಿಬ್ಬರ ಬೆಳೆದ ಗಡ್ಡ, ಬಾಡಿದ ಮುಖ, ಸೀರೆಯ ಗಂಟು ನೋಡಿ ಬಸ್ಸಿನಲ್ಲಿ ಮಾತು ನಿಂತಿತು. ಮುಂದಿನ ಸೀಟಿನವರು ಎದ್ದು ಜಾಗ ಬಿಟ್ಟರು. ಕಂಡಕ್ಟರು ತಲೆಯ ಟೊಪ್ಪಿ ತೆಗೆದ.

ಹಿಂದಿನಿಂದ ಪಿಸುಮಾತು ಕೇಳಿಸಿತು. "ಅಸ್ಥಿ ಇರಬೇಕು."

"ಇಷ್ಟು ದೊಡ್ಡದಾ?"

"ಒಳ್ಳೆಯ ಆರೋಗ್ಯದ ಜೀವ ಇದ್ದಿರಬೇಕು ಮಾರಾಯ."

ಪಕ್ಕದ ಸೀಟಿನ ಹೆಂಗಸೊಬ್ಬರು ಮರುಕದಿಂದ ಕೇಳಿದರು, "ಎಲ್ಲಿಗೆ ಅಣ್ಣ, ಮಲ್ಪೆಗಾ?"

"ಮಣಿಪಾಲಕ್ಕೆ," ಎಂದ ಮುದ್ದಣ್ಣ.

"ಮಣಿಪಾಲದಲ್ಲಿ ಸಮುದ್ರ ಎಲ್ಲುಂಟು?"

"ಸಮುದ್ರಕ್ಕಲ್ಲ. ಒಳಗೆ ಹೊಕ್ಕದ್ದನ್ನು ತೆಗೆಸಲಿಕ್ಕೆ. ಕರೆಂಟು ಕೊಟ್ಟರೆ ಮಾತಾಡುತ್ತದೆ."

ಆ ಹೆಂಗಸು ಕಟಪಾಡಿಯಲ್ಲಿ ಇಳಿದರು. ಅವರ ಚೀಟಿ ಉಡುಪಿಗಿತ್ತು.

ಜೋಯಲ್ ನಡುವಯಸ್ಸಿನವನು, ಅವಸರವಿಲ್ಲದ ಮನುಷ್ಯ. ಪೆಟ್ಟಿಗೆಯನ್ನು ತನ್ನ ಪರದೆಗೆ ಜೋಡಿಸಿ ನೋಡಿದ. ಫೋಟೊಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಇಳಿಸಿ ಕೊಟ್ಟ.

"ಅಂಕಲ್, ಎಲ್ಲ ಬಂದದ್ದು ಈ ಇಸ್ಪೀಟಿನ ಆಟದ ಒಟ್ಟಿಗೆ. ಜಾಹೀರಾತು ತೋರಿಸುವ ಕಳ್ಳ ಪ್ರೋಗ್ರಾಂ. ಎಚ್ಚರಿಕೆ ಎಂದು ಹೆದರಿಸುವುದೂ ಅದೇ, ಅಭಿನಂದನೆ ಎಂದು ಕುಣಿಸುವುದೂ ಅದೇ. ತೆಗೆದುಬಿಡುವಾ?"

"ಆ ಸ್ವರ ತೆಗೆಯಿರಿ. ಆಟ ಇರಲಿ."

"ಆಟವೇ ವೈರಸ್ ಅಂಕಲ್. ಅದನ್ನು ಇಟ್ಟುಕೊಂಡು ಇದನ್ನು ತೆಗೆಯಲಿಕ್ಕಾಗುವುದಿಲ್ಲ."

ಮುದ್ದಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತ. ಜೋಯಲ್ ಮೌಸಿನತ್ತ ಕೈ ಚಾಚಿದ. "ಒಂದು ನಿಮಿಷದ ಕೆಲಸ."

"ಬೇಡ," ಎಂದ ಮುದ್ದಣ್ಣ. "ಅವಳು ಕೊನೆಗೆ ಕೈಯಿಟ್ಟದ್ದು ಅದು. ಗುರುತಿಲ್ಲದವರ ಕೈಯಲ್ಲಿ ಅಂಗಡಿಯಲ್ಲಿ ತೆಗೆಸುವುದಿಲ್ಲ. ಚಿತೆಗೆ ಬೆಂಕಿ ಇಡಲಿಕ್ಕೆ ಬಾಡಿಗೆಯ ಜನ ಮಾಡುತ್ತೇವಾ? ನನಗೆ ಹೇಳಿಕೊಡಿ. ಮನೆಯಲ್ಲಿ ನಾನೇ ಮಾಡುತ್ತೇನೆ."

ಜೋಯಲ್ ಅವನ ಮುಖ ನೋಡಿದ, ಸೀರೆ ನೋಡಿದ. ಒಂದು ಸ್ಟೂಲು ಎಳೆದು ಹಾಕಿ ಕೂರಿಸಿದ. ಹೇಳಿಕೊಟ್ಟದ್ದನ್ನು ಮುದ್ದಣ್ಣ, ಒಂದೊಂದು ಹೆಜ್ಜೆಗೂ ಒಂದೊಂದು ಬಸ್ ಸ್ಟಾಪಿನ ಹೆಸರಿಟ್ಟು, ತನ್ನ ವಿದ್ಯೆಗೆ ಹೊಂದಿಸಿಕೊಂಡ. ಹಿಂತಿರುಗುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ.

"ಕಾಪು, ಸ್ಟಾರ್ಟ್. ಪಾಂಗಾಳದಲ್ಲಿ ಇಂಟರ್ನೆಟ್ ವಯರು ಇಳಿಯಬೇಕು. ಕಟಪಾಡಿಯಲ್ಲಿ ಸೇಫ್ ಮೋಡ್ ಹತ್ತಬೇಕು. ಉದ್ಯಾವರದಲ್ಲಿ ಆಟ ಇಳಿಯಬೇಕು. ಬಲಾಯಿಪಾದೆಯಲ್ಲಿ ಬ್ರೌಸರಿನ ಪರವಾನಿಗೆಗಳು ಇಳಿಯಬೇಕು. ಕಿನ್ನಿಮುಲ್ಕಿಯಲ್ಲಿ ಜೋಯಲ್ ಹಾಕಿಕೊಟ್ಟ ವೈರಸ್ ಶೋಧನೆ, ಅಲ್ಲಿ ತಡ ಉಂಟು, ಅವಸರ ಮಾಡಬಾರದು. ಉಡುಪಿಯಲ್ಲಿ ಬಂದ್ ಮಾಡಿ ಸ್ಟಾರ್ಟ್. ಮಣಿಪಾಲದಲ್ಲಿ ಇಂಟರ್ನೆಟ್ ಹತ್ತಿಸಿ ಕಾಯುವುದು. ಸ್ವರ ಬಾರದಿದ್ದರೆ ಗಾಡಿ ಖಾಲಿ."

ನಮ್ಮ ಬಸ್ಸು ಹೋಗುತ್ತಿದ್ದದ್ದು ಎದುರು ದಿಕ್ಕಿಗೆ. ಆದ್ದರಿಂದ ಅವನ ಬಾಯಲ್ಲಿ ಪಾಂಗಾಳ ಬರುವಾಗ ಕಿಟಕಿಯಲ್ಲಿ ಕಿನ್ನಿಮುಲ್ಕಿ ಬರುತ್ತಿತ್ತು. ಅವನು ಕಣ್ಣು ತೆರೆಯದಿದ್ದದ್ದೇ ಒಳ್ಳೆಯದಾಯಿತು.

ಪೆಟ್ಟಿಗೆಯನ್ನು ಮತ್ತೆ ಮೂಲೆಯಲ್ಲಿ ಜೋಡಿಸಿದ ಮೇಲೂ ಮನೆಯಲ್ಲಿ ಜನ ತಪ್ಪಲಿಲ್ಲ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಸಾಲು, ಸಾಲಿನ ಮುಂದೆ ಚಂಪಕ್ಕ, ರಾತ್ರಿ ಅವರ ಚಾಪೆಯೂ ಅಲ್ಲೇ. ಮುದ್ದಣ್ಣ ಹತ್ತಿರ ಸುಳಿದರೆ, "ನೀನು ಮತ್ತೆ ವಯರು ಎಳೆಯಲಿಕ್ಕಾ?" ಎಂದು ಗದರಿಸುತ್ತಿದ್ದರು. ಹೀಗೆಯೇ ಬೊಜ್ಜದ ದಿನ ಬಂತು. ಕಾರ್ಡು ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಜನ ಬಂದರು. ಅಡಿಗೆಯವರು ಸಾಂಬಾರಿಗೆ ನೀರು ಸೇರಿಸಿದರು. ಜನರೆಲ್ಲ ಚಪ್ಪರದಲ್ಲಿ ಊಟಕ್ಕೆ ಕುಳಿತಾಗ ಒಳಗಿನ ಕೋಣೆ ಖಾಲಿಯಾಯಿತು. ಮುದ್ದಣ್ಣ ನನ್ನ ಕೈ ಹಿಡಿದು ಒಳಗೆ ಎಳೆದು ಬಾಗಿಲು ಸರಿಸಿದ. ಮಾನಿಟರಿನ ಮಲ್ಲಿಗೆಯನ್ನು ಬದಿಗೆ ಸರಿಸಿ ಕೈಗಡಿಯಾರ ನೋಡಿದ.

"ಕಾಪು, ಸ್ಟಾರ್ಟ್," ಎಂದ.

ಪಾಂಗಾಳ ದಾಟಿದ. ಕಟಪಾಡಿಯಲ್ಲಿ ಎರಡು ಸಲ ತಪ್ಪಿ ಮೂರನೆಯ ಸಲ ದಾಟಿದ. ಉದ್ಯಾವರದಲ್ಲಿ ಆಟದ ಹೆಸರನ್ನು ಹುಡುಕಿ ಒತ್ತಿದ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: 'ಒಂದು ಆಟ ಅರ್ಧದಲ್ಲಿದೆ. ಆದರೂ ತೆಗೆಯಬೇಕೇ?'

ಮುದ್ದಣ್ಣನ ಕೈ ನಿಂತಿತು.

"ಒತ್ತು ಭಾವ," ಎಂದೆ.

"ಗಾಡಿ ಉದ್ಯಾವರದಲ್ಲಿ ನಿಂತಿತು ಭಾವ. ಮುಂದೆ ಹೋಗುವುದಿಲ್ಲ." ಅವನು ಕಣ್ಣು ಒರೆಸಿಕೊಂಡ. ಬೇಡ ಎಂಬುದನ್ನು ಒತ್ತಿದ. ಪ್ರಶ್ನೆ ಮಾಯವಾಗಿ ಅವಳ ಆಟ ತೆರೆದುಕೊಂಡಿತು. ಅವಳ ಕೈ ನಿಂತಾಗ ಹೇಗಿತ್ತೋ ಹಾಗೆಯೇ ಎಲೆಗಳು ಸಾಲಾಗಿ ಬಿದ್ದಿದ್ದವು.

ಹಿಂದಿನಿಂದ ಬಾಗಿಲು ತೆರೆಯಿತು. ಚಂಪಕ್ಕ ನಿಂತಿದ್ದರು, ಕೈಯಲ್ಲಿ ಪಾಯಸದ ಸೌಟು. ಅವರ ಹಿಂದೆ ನಳಿನಾಕ್ಷಿ, ಧನರಾಜ್, ಊಟ ಮುಗಿಸಿ ಕೈತೊಳೆದ ಇನ್ನೂ ಹಲವರು.

"ಇದೆಂತ ಮುದ್ದ? ಹೆಂಡತಿಯ ಬೊಜ್ಜದ ದಿನ ಇಸ್ಪೀಟು ಆಡುತ್ತೀಯಾ?"

ಮುದ್ದಣ್ಣ ಎದ್ದು ನಿಂತ. ಅವನಿಗೆ ಒಂದು ಸುಲಭದ ದಾರಿಯಿತ್ತು. ಹೌದು, ನಾನೇ ಆಡಿದ್ದು ಎಂದರೆ ಮುಗಿಯುತ್ತಿತ್ತು. ಅವನು ಹಾಗೆಯೇ ಹೇಳಿದ. "ಹೌದಕ್ಕ. ನಾನೇ. ಮೊದಲಿನಿಂದಲೂ ನಾನೇ ಆಡುತ್ತಿದ್ದದ್ದು."

"ನೀನಾ?" ಚಂಪಕ್ಕ ಪರದೆಯ ಹತ್ತಿರ ಬಗ್ಗಿದರು. ಮೂಲೆಯಲ್ಲಿ 'ಆಟಗಾರರು: ಗುಣವತಿ' ಎಂದಿತ್ತು. ಜಗಲಿಯ ಮೇಲೆ ಒದ್ದೆಯಾದವರೆಲ್ಲ ಧನರಾಜನ ಮುಖ ನೋಡಿದರು. ಧನರಾಜ್ ಪರದೆಯನ್ನು ನೋಡುತ್ತಿದ್ದ. ಈಗ ಅವನು ನಗುತ್ತಾನೆ, ನನ್ನ ತಂಗಿಯ ಹೆಸರು ಹೋಯಿತು ಎಂದುಕೊಂಡು ನಾನು ದೇವರನ್ನು ನೆನೆದೆ.

"ಅಬ್ಬ!" ಎಂದ ಧನರಾಜ್. "ಗುಣವತಿ ಅಕ್ಕ ಎಂಥ ಆಟ ಕಟ್ಟಿದ್ದಾರೆ ನೋಡಿ. ಇಂಥ ಕೈ ನಮ್ಮಲ್ಲಿ ಒಬ್ಬನಿಗೂ ಇಲ್ಲ. ಇದನ್ನು ಅರ್ಧಕ್ಕೆ ಬಿಡುವುದಾ? ಮುದ್ದಣ್ಣಣ್ಣ, ಆ ಆಟೀನು ರಾಣಿಯನ್ನು ಎತ್ತಿ ಕಳಾವರ್ ರಾಜನ ಮೇಲೆ ಇಡಿ."

"ಸುಮ್ಮನಿರು ಮಗ, ಸೂತಕದ ಮನೆ," ಎಂದಳು ನಳಿನಾಕ್ಷಿ.

"ಮೊದಲು ರಾಣಿ ಅಲ್ಲ," ಎಂದಿತು ಇನ್ನೊಂದು ಸ್ವರ. "ರಾಣಿಯನ್ನು ಎತ್ತಿದರೆ ಆ ಗುಲಾಮ ಎಲ್ಲಿಗೆ ಹೋಗುತ್ತಾನೆ? ಮೊದಲು ಆ ಇಸ್ಪೀಟು ಒಂಬತ್ತು ತೆಗೆ. ಅದರ ಕೆಳಗೆ ಎಂತ ಉಂಟು ನೋಡು."

ಎಲ್ಲರೂ ತಿರುಗಿದರು. ಹೇಳಿದವರು ಚಂಪಕ್ಕ.

"ಎಂತ ನೋಡುವುದು ನೀವು? ನಮ್ಮ ಮಾವನವರು ಆಡುತ್ತಿದ್ದರು, ನಾನು ಚಾ ಕೊಡಲು ಹೋದಾಗ ನೋಡಿದ್ದು ಮಾತ್ರ," ಎಂದು ಅವರು ಸೌಟನ್ನು ನಳಿನಾಕ್ಷಿಯ ಕೈಗೆ ಕೊಟ್ಟು ಕುರ್ಚಿ ಎಳೆದು ಕುಳಿತರು. ಚಾ ಕೊಡಲು ಹೋದವರ ಬೆರಳು ಹಾಗೆ ಓಡುವುದಿಲ್ಲ. ಒಂಬತ್ತರ ಕೆಳಗೆ ಎಕ್ಕ ಸಿಕ್ಕಿತು. ಚಪ್ಪರ ಖಾಲಿಯಾಗಿ ಕೋಣೆ ತುಂಬಿತು. ಕಿಟಕಿಯ ಹೊರಗಿನವರಿಗೆ ಒಳಗಿನವರು ಸುದ್ದಿ ದಾಟಿಸಿದರು. "ಡೈಮಂಡ್ ನಾಲ್ಕು ಬಂತು!" "ಮೇಲೆ ಹಾಕಿ, ಮೇಲೆ!" ಎರಡನೆಯ ಪಂಕ್ತಿಗೆ ಬಡಿಸಲು ಎಲೆ ಹಾಕಿದ ಅಡಿಗೆಯವನು ಊಟಕ್ಕೆ ಜನ ಕಾಣದೆ ತಾನೂ ಬಂದು ಸೇರಿದ. ಕೊನೆಗೆ ಒಂದೇ ಎಲೆ ಉಳಿಯಿತು. ಚಂಪಕ್ಕ ಕೈ ತೆಗೆದರು.

"ಇದು ನೀನು ಹಾಕು ಮುದ್ದ."

ಮುದ್ದಣ್ಣ ಹಾಕಿದ. ಪರದೆಯ ಮೇಲೆ ಎಲೆಗಳು ಹಾರಿದವು. 'ಗುಣವತಿ ಗೆದ್ದಿದ್ದಾರೆ' ಎಂಬ ಅಕ್ಷರ ಬಂತು. ಬೊಜ್ಜದ ಮನೆಯಲ್ಲಿ ಚಪ್ಪಾಳೆ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

"ನಾನು ಮೊದಲೇ ಹೇಳಿದ್ದೆ," ಎಂದರು ಚಂಪಕ್ಕ, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ. "ಅವಳದ್ದು ಎಂತದೋ ಬಾಕಿ ಉಂಟು ಎಂದು. ಯಾರಾದರೂ ಕೇಳಿದಿರಾ?" ಅವರು ಹಾಗೆ ಹೇಳಿದ್ದು ನಮಗಾರಿಗೂ ನೆನಪಿರಲಿಲ್ಲ.

ಮುದ್ದಣ್ಣ ಈಗ ಮತ್ತೆ ಕುಳಿತ. ಉದ್ಯಾವರದಲ್ಲಿ ಆಟ ಇಳಿಯಿತು. ಬಲಾಯಿಪಾದೆಯಲ್ಲಿ ಪರವಾನಿಗೆಗಳು ಇಳಿದವು. ಕಿನ್ನಿಮುಲ್ಕಿಯಲ್ಲಿ ಶೋಧನೆಯ ಹಸಿರು ಪಟ್ಟಿ ಇರುವೆಯ ಹಾಗೆ ಹರಿಯತೊಡಗಿತು. ಹೊರಗೆ ಬಿಸಿಲು ಇಳಿಯಿತು. ಅಂಗಳದಲ್ಲಿ ದೀಪ ಸಿದ್ಧವಾಯಿತು, ಒಳಗೆ ಎಲೆ ಹಾಕಿ ಆಯಿತು. ಹಿರಿಯಣ್ಣನಾದ್ದರಿಂದ ಅವಳನ್ನು ಕರೆಯಬೇಕಾದವನು ನಾನು. ಹೊತ್ತು ಮೀರುತ್ತದೆ ಎಂದು ಯಾರೋ ಅವಸರಿಸಿದರು.

"ಹೊತ್ತು ನನಗೆ ಹೇಳಬೇಡಿ," ಎಂದ ಮುದ್ದಣ್ಣ ಒಳಗಿನಿಂದ. "ನಾನು ಬಿಡದೆ ಗಾಡಿ ಹೊರಡುವುದಿಲ್ಲ."

ಆ ಸ್ವರವನ್ನು ನಾವು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಚಂಪಕ್ಕ ಕೂಡ ಮೆಟ್ಟಿಲ ಮೇಲೆ ಕುಳಿತು ಕಾದರು. ಶೋಧನೆ ಮುಗಿಯಿತು, ಸಿಕ್ಕಿದ್ದನ್ನೆಲ್ಲ ಅಳಿಸಿದ, ಬಂದ್ ಮಾಡಿ ಮತ್ತೆ ಹಚ್ಚಿದ, ಇಂಟರ್ನೆಟ್ ವಯರು ಸಿಕ್ಕಿಸಿದ. ಸ್ಪೀಕರನ್ನು ದೊಡ್ಡದು ಮಾಡಿ ಬಾಗಿಲಿಗೆ ಬಂದು ನಿಂತ. ಕೈಯೆತ್ತಿ, ಕಂಡಕ್ಟರು ಬಸ್ಸು ಬಿಡುವ ಹಾಗೆ, "ರೈಟ್, ಪೋಯಿ!" ಎಂದ.

ನಾನು ಅಂಗಳದಲ್ಲಿ ದೀಪ ಹಿಡಿದು ಕರೆದೆ. "ಗುಣವತೀ, ಒಳಗೆ ಬಾ."

ನಿಲ್ಲಿಸಿದೆ. ಎಲ್ಲರ ಕಿವಿಯೂ ಒಳಗಿನ ಮೂಲೆಯತ್ತ ಇತ್ತು. ಕಡಲಿನ ಸದ್ದು ಮಾತ್ರ ಕೇಳಿಸಿತು.

"ಗುಣವತೀ, ಒಳಗೆ ಬಾ."

ಕಂಪ್ಯೂಟರ್ ಮಾತಾಡಲಿಲ್ಲ. ಮೂರನೆಯ ಸಲ ಕರೆಯದೆ ನಾನು ದೀಪದ ಬತ್ತಿ ಏರಿಸಿದೆ. ಆಗ ಪಕ್ಕದಲ್ಲಿ ನಿಂತ ಮುದ್ದಣ್ಣ ಕರೆದ. ಕ್ರಮದ ಪ್ರಕಾರ ಅವನು ಕರೆಯುವಂತಿಲ್ಲ. ಚಂಪಕ್ಕ ತಡೆಯಲಿಲ್ಲ.

"ಬಾ ಗುಣವತಿ. ಈಗ ಬೇರೆ ಯಾರೂ ಕರೆಯುವುದಿಲ್ಲ. ನಾವು ಮಾತ್ರ."

ದೀಪವನ್ನು ಒಳಗೆ ತಂದೆವು. ಅವಳಿಗೆಂದು ಹಾಕಿದ ಎಲೆಗೆ ಮುದ್ದಣ್ಣನೇ ಬಡಿಸಿ, ಬಾಗಿಲು ಸರಿಸಿ ಹೊರಗೆ ಕುಳಿತ. ನಾನು ಕೈಮುಗಿದೆ.

ದೇವರೇ, ನನ್ನ ತಂಗಿ ನಿನ್ನ ಆಶ್ರಯಕ್ಕೆ ಬಂದಿದ್ದಾಳೆ. ಊರಿಗೆಲ್ಲ ಭಜನೆ ಹೇಳಿಕೊಟ್ಟವಳು. ಅವಳಿಗೆ ಗೊತ್ತಿಲ್ಲದೆ ಮನೆಯೊಳಗೆ ಹೊಕ್ಕದ್ದನ್ನು ಅವಳ ಗಂಡ ತನ್ನ ಕೈಯಾರೆ ತೆಗೆದಿದ್ದಾನೆ. ಅದರ ದೋಷ ಅವಳಿಗೆ ತಾಗದಿರಲಿ. ನಮ್ಮ ಹಿರಿಯರ ನಡುವೆ ಅವಳಿಗೆ ಜಾಗ ಕೊಡು. ಅಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಸ್ವಲ್ಪ ಬಿಡುವು ಕೊಡು, ಬಾಗಿಲು ಹಾಕಿಕೊಳ್ಳುವ ಅಗತ್ಯ ಬಾರದಿರಲಿ. ಅವಳ ಆತ್ಮ ತಣ್ಣಗಿರಲಿ.